ಜಾಝ್, ಡ್ಯಾನ್ಸ್ ಆಲ್ಬಂಗಳಿಗೆ ವಿಮರ್ಶೆ ಬೇಕೇ?

ಪರ: ಕಿವಿಗೆ ದಾರಿ ತೋರಿಸುವವರು ಬೇಕು

ಮಳೆಗಾಲದಲ್ಲಿ ಕೊಡಗಿನ ನಮ್ಮ ಕಕ್ಕಬ್ಬೆ ಕಡೆ ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ. ಅಂಥ ಒಂದು ಜುಲೈಯಲ್ಲಿ ಬ್ಯಾಟರಿ ಪ್ಲೇಯರ್‌ನಲ್ಲಿ ಅಮೆರಿಕದ ಜಾಝ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಹಾಕಿದೆ. 1959ರ ಆಲ್ಬಂ. ಎಲ್ಲರೂ ಹೊಗಳುತ್ತಾರೆ ಅಂತ ತರಿಸಿಕೊಂಡಿದ್ದೆ. ನಿಜ ಹೇಳುತ್ತೇನೆ, ಏನೂ ಅನಿಸಲಿಲ್ಲ. ಹೊರಗೆ ಮಳೆ, ಒಳಗೆ ತುತ್ತೂರಿ, ಅಷ್ಟೇ. ಎತ್ತಿಟ್ಟೆ.

ಎರಡು ವರ್ಷದ ಮೇಲೆ ಅದರ ಒಂದು ವಿಮರ್ಶೆ ಓದಿದೆ. ಮೊದಲ ಟ್ರ್ಯಾಕ್‌ನಲ್ಲಿ ತುತ್ತೂರಿ ಬಿಟ್ಟುಬಿಡಿ, ಬೇಸ್ ಅನ್ನುವ ತಗ್ಗು ಸ್ವರದ ತಂತಿವಾದ್ಯ ಹಿಡಿದುಕೊಂಡು ಹೋಗಿ ಅಂತ ಅದರಲ್ಲಿತ್ತು. ಹಿಡಿದೆ. ಪಾಲ್ ಚೇಂಬರ್ಸ್ ಬೇಸ್‌ನಲ್ಲಿ ಒಂದು ಸಾಲು ನುಡಿಸುತ್ತಾರೆ. ಉಳಿದವರು ಎರಡೇ ಸ್ವರದಲ್ಲಿ ಓಗೊಡುತ್ತಾರೆ. ಮತ್ತೆ ಬೇಸ್, ಮತ್ತೆ ಆ ಎರಡು ಸ್ವರ. ಅರೆ, ಇದು ನಮ್ಮ ದುಡಿಕೊಟ್ಟ್ ಪಾಟ್ ಅಲ್ವಾ! ಇಬ್ಬರು ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಒಂದು ಸಾಲು ಹಾಡಿ ಬಿಡುತ್ತಾರೆ, ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಸಮಯದಲ್ಲಿ ಚಿಕ್ಕಂದಿನಿಂದ ಕೇಳಿದ್ದು. ಅದೇ ಕಿವಿ ನನ್ನ ಬಳಿ ಇತ್ತು. ಎಲ್ಲಿ ಇಡಬೇಕು ಅಂತ ಗೊತ್ತಿರಲಿಲ್ಲ. ಆ ರಾತ್ರಿ ಒಂದೇ ಟ್ರ್ಯಾಕನ್ನು ನಾಲ್ಕು ಸಲ ಕೇಳಿದೆ.

ಇನ್ನೊಂದು ಸಂಗತಿಯೂ ಅಲ್ಲೇ ಸಿಕ್ಕಿತು. ಮೊದಲ ದಿನದ ರೆಕಾರ್ಡಿಂಗ್‌ನಲ್ಲಿ ಟೇಪ್ ಮೆಷಿನ್ ಸ್ವಲ್ಪ ನಿಧಾನವಾಗಿ ಓಡಿತ್ತು. ಹಾಗಾಗಿ ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಒಂದನೇ ಬದಿಯ ಮೂರು ಟ್ರ್ಯಾಕ್‌ಗಳ ಶ್ರುತಿ ಕೊಂಚ ಮೇಲೇರಿಯೇ ಅಚ್ಚಾಯಿತು. ಅದನ್ನು ಸರಿಪಡಿಸಿದ್ದು 1990ರ ದಶಕದಲ್ಲಿ. ನನ್ನ ಡಿಸ್ಕ್ ಹಳೆಯದೋ ಸರಿಪಡಿಸಿದ್ದೋ ಅಂತ ನಾನು ಓಡಿ ಹೋಗಿ ನೋಡಿದೆ. ಯಾರೂ ಬರೆಯದಿದ್ದರೆ ನನಗೆ ಇದು ಗೊತ್ತಾಗುತ್ತಿತ್ತಾ?

‘ಸಂಗೀತ ಅವರವರ ರುಚಿ, ನಡುವೆ ನೀವ್ಯಾರು’ ಅನ್ನುವವರಿದ್ದಾರೆ. ನಮ್ಮ ತೋಟದ ಕಾಫಿಯನ್ನು ಕಪ್ಪಿಂಗ್‌ಗೆ, ಅಂದರೆ ರುಚಿ ಪರೀಕ್ಷೆಗೆ, ಕಳಿಸಿದಾಗ ನಾವು ಹೀಗೆ ಕೇಳುತ್ತೇವಾ? ಅಲ್ಲಿ ಒಬ್ಬರು ಚಮಚದಲ್ಲಿ ಸೊರ್ ಅಂತ ಎಳೆದು, ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. 80 ದಾಟಿದರೆ ಸ್ಪೆಷಾಲಿಟಿ, ಅಂದರೆ ಮೇಲ್ದರ್ಜೆಯ ಕಾಫಿ. ಆ ನಾಲಿಗೆಯನ್ನು ನಂಬಿ ನಾವು ಬೆಲೆ ಕೇಳುತ್ತೇವೆ. ನಾಲಿಗೆಗೆ ಕೊಡುವ ಮರ್ಯಾದೆ ಕಿವಿಗೆ ಯಾಕಿಲ್ಲ?

ಡ್ಯಾನ್ಸ್ ಸಂಗೀತಕ್ಕೆ ಇದು ಇನ್ನೂ ಜಾಸ್ತಿ ಬೇಕು. ಮುಂಬೈಯ ಚರಣಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ಸಂಗೀತ ಯಂತ್ರ ಇಟ್ಟುಕೊಂಡು, ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂರಿಸಿ ಆಲ್ಬಂ ಮಾಡಿದರು. ಆ ಮೂರರಲ್ಲಿ ಒಂದಾದ ಟಿಬಿ-303 ಯಂತ್ರದ ಸದ್ದು 1987ರಲ್ಲಿ ಶಿಕಾಗೋದಿಂದ ಬಂದಾಗ ಆ ಹೊಸ ಬಗೆಯ ಡ್ಯಾನ್ಸ್ ಸಂಗೀತಕ್ಕೆ ಆ್ಯಸಿಡ್ ಹೌಸ್ ಅಂತ ಹೆಸರಿಟ್ಟರು. ಸಿಂಗ್ ಅವರ ರೆಕಾರ್ಡ್ ಇಲ್ಲಿ ಧೂಳು ತಿನ್ನುತ್ತಿತ್ತು. 2010ರಲ್ಲಿ ಮತ್ತೆ ಅಚ್ಚಾದ ಮೇಲೆ ಜನ ಬರೆದರು, ಚರ್ಚೆ ಮಾಡಿದರು, ವಯಸ್ಸಾದ ಆ ಮನುಷ್ಯ ವಿದೇಶದಲ್ಲಿ ವೇದಿಕೆ ಹತ್ತಿದರು. 2015ರಲ್ಲಿ ತೀರಿಕೊಂಡರು. ನಡುವೆ 28 ವರ್ಷ ಸುಮ್ನೆ ಹೋಯಿತು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೊಸ ಆಲ್ಬಂ ಕೈಗೆ ಬಂದ ವಾರವೇ ನಾನು ಬರೆಯಲು ಕೂರುವುದು ಇದಕ್ಕೇ.

ವಿರೋಧ: ಕುಣಿಯುವುದಕ್ಕೆ ಅಂಕ ಯಾಕೆ?

ಈ ಕಡೆ ಬರೆಯಿರಿ ಅಂತ ನನ್ನನ್ನು ಕೇಳಿದರು, ಒಪ್ಪಿಕೊಂಡೆ. ಜಾಝ್ ವಿಮರ್ಶೆ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. ನಾನೂ ಒಮ್ಮೊಮ್ಮೆ ಓದುತ್ತೇನೆ. ಆದರೆ ನಕ್ಷತ್ರ, ಅಂಕ ಇವೆಲ್ಲ ಬೇಡ. ಅಮೆರಿಕದ ಜಾಝ್ ಪತ್ರಿಕೆ ‘ಡೌನ್ ಬೀಟ್’ 1962ರಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’ ಆಲ್ಬಂ ಅನ್ನು ವಿಮರ್ಶೆಗೆ ಇಬ್ಬರಿಗೆ ಕೊಟ್ಟಿತು. ಒಬ್ಬರು ಐದಕ್ಕೆ ಐದು ಕೊಟ್ಟರು, ಇನ್ನೊಬ್ಬರು ಸೊನ್ನೆ. ಓದಿದವನು ದುಡ್ಡು ಕೊಟ್ಟು ತಗೋಬೇಕಾ, ಬೇಡವಾ?

ಡ್ಯಾನ್ಸ್ ಆಲ್ಬಂ ವಿಷಯದಲ್ಲಿ ಮಾತ್ರ ನನ್ನ ವಿರೋಧ ಗಟ್ಟಿ. ಯಂತ್ರದ ಬಡಿತದ ಮೇಲೆ ನಡೆಯುವ ಟೆಕ್ನೋ ಸಂಗೀತದ ಆಲ್ಬಂ ಒಂದಕ್ಕೆ ‘ಹೇಳಿದ್ದನ್ನೇ ಹೇಳುತ್ತದೆ’ ಅಂತ ಬರೆದಿದ್ದನ್ನು ಓದಿ ನಾನು ಅದನ್ನು ಮುಟ್ಟಿರಲಿಲ್ಲ. ಆಮೇಲೆ ಗೋಣಿಕೊಪ್ಪದ ಹತ್ತಿರ ಒಂದು ಮದುವೆ. ವಾಲಗ ಮುಗಿದು ಡಿಜೆ ಶುರುವಾಗಿತ್ತು. ನಮ್ಮ ದೊಡ್ಡಮ್ಮ ಮಂಡಿ ನೋವು ಅಂತ ಕುರ್ಚಿ ಹಿಡಿದು ಕೂತಿದ್ದರು. ಡಿಜೆ ಅದೇ ಆಲ್ಬಂನ ಒಂದು ಟ್ರ್ಯಾಕ್ ಹಾಕಿದ. ಒಂದು ನಿಮಿಷ ಬರೀ ಡ್ರಮ್, ಧಮ್ ಧಮ್ ಧಮ್ ಧಮ್. ದೊಡ್ಡಮ್ಮನ ಬೆರಳು ಕುರ್ಚಿಯ ಕೈ ಮೇಲೆ ಬಡಿಯಲು ಶುರು ಮಾಡಿತು. ಆಮೇಲೆ ಎದ್ದೇ ಬಿಟ್ಟರು. ವಾಲಗಕ್ಕೆ ಕೈ ಎತ್ತುವ ಹಾಗೇ ಎರಡೂ ಕೈ ಎತ್ತಿ, ಮಣಿಕಟ್ಟು ತಿರುಗಿಸುತ್ತಾ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ಪಕ್ಕದಲ್ಲಿ ಹುಡುಗರು ಜಾಗ ಬಿಟ್ಟರು. ‘ಬಾರೋ, ಏನು ಮರದ ಹಾಗೆ ನಿಂತಿದ್ದೀಯ’ ಅಂತ ನನ್ನನ್ನೂ ಎಳೆದರು.

ಆ ಒಂದು ನಿಮಿಷದ ಡ್ರಮ್ ಬೇಕಂತಲೇ ಇಟ್ಟಿದ್ದು. ಹಿಂದಿನ ಟ್ರ್ಯಾಕ್ ಮೇಲೆ ಇದನ್ನು ಕೂಡಿಸಲು ಡಿಜೆಗೆ ಅಷ್ಟು ಜಾಗ ಬೇಕು. ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೂತವರಿಗೆ ಅದು ಬೋರ್. ವಾಲಗವೂ ಅರ್ಧ ಗಂಟೆ ಅದೇ ಅದೇ ನುಡಿಸುತ್ತದೆ. ಅದಕ್ಕೆ ಯಾರಾದರೂ ಎರಡು ನಕ್ಷತ್ರ ಕೊಟ್ಟಿದ್ದಾರಾ?

ಪರ ಬರೆದವರು ಕಾಫಿ ಕಪ್ಪಿಂಗ್ ಅನ್ನುತ್ತಾರೆ. ಕಾಫಿಯನ್ನು ಬಾಯಿಗೆ ಹಾಕಿ ಅಂಕ ಕೊಡುತ್ತಾರೆ, ಬರೀ ಪುಡಿ ಮೂಸಿ ಅಲ್ಲ. ಡ್ಯಾನ್ಸ್ ಆಲ್ಬಂ ಬಗ್ಗೆ ಬರೆಯುವವರು ಮೊದಲು ಒಂದು ಮದುವೆಗೆ ಬರಲಿ. ದೊಡ್ಡಮ್ಮ ಆ ರಾತ್ರಿ ಹನ್ನೊಂದಾದರೂ ಕುರ್ಚಿಗೆ ವಾಪಸ್ ಬರಲಿಲ್ಲ.