ರಾಹುವಿನ ಬಾಯಿಗೆ ಪುರಭವನದ ತಿಂಡಿ

ಸೂರ್ಯನಿಗೋ ಚಂದ್ರನಿಗೋ ಗ್ರಹಣ ಹಿಡಿಯುವ ಎರಡು ದಿನ ಮೊದಲೇ ನಮ್ಮ ಟಿ.ವಿ. ವಾಹಿನಿಗಳಿಗೆ ಹಿಡಿದಿರುತ್ತದೆ. ಪರದೆಯ ಎಡಕ್ಕೆ ಒಬ್ಬ ಜ್ಯೋತಿಷಿ, ಬಲಕ್ಕೆ ಒಬ್ಬ ವಿಚಾರವಾದಿ, ನಡುವೆ ಬೆಂಕಿ ಉಗುಳುವ ಕಪ್ಪು ಸೂರ್ಯ, ಕೆಳಗೆ ಓಡುವ ಅಕ್ಷರಗಳಲ್ಲಿ ‘ಈ ನಾಲ್ಕು ರಾಶಿಯವರೇ ಎಚ್ಚರ’. ನಿರೂಪಕರು ಜ್ಯೋತಿಷಿಯನ್ನು ‘ಗುರುಗಳೇ’ ಎಂದು ಕರೆದು ಕಾಲು ಗಂಟೆ ಗಂಡಾಂತರವನ್ನು ಬಿಡಿಸಿ ಹೇಳಿಸುತ್ತಾರೆ. ಆಮೇಲೆ ಆಚೆ ತಿರುಗಿ, ‘ಸಾರ್, ಹಾಗಾದರೆ ನಮ್ಮ ಹಿರಿಯರೆಲ್ಲ ದಡ್ಡರೇ?’ ಎಂದು ಕೇಳುತ್ತಾರೆ. ವಿಚಾರವಾದಿ ಬಾಯಿ ತೆರೆಯುವಷ್ಟರಲ್ಲಿ ಜಾಹೀರಾತು ಬರುತ್ತದೆ. ಜಾಹೀರಾತು ರುದ್ರಾಕ್ಷಿಯದ್ದು.

ಈ ಇಬ್ಬರಿಗೂ ಭಿನ್ನಾಭಿಪ್ರಾಯವೇ ಇಲ್ಲದ ವಿಷಯವೊಂದಿದೆ, ಅದನ್ನು ಮಾತ್ರ ಯಾರೂ ಚರ್ಚೆಗೆ ಎತ್ತುವುದಿಲ್ಲ. ಗ್ರಹಣ ಎಷ್ಟು ಹೊತ್ತಿಗೆ? 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಬೆಳಿಗ್ಗೆ ಎಂಟು ದಾಟುತ್ತಿದ್ದಂತೆ ಹಿಡಿದು ಹನ್ನೊಂದು ದಾಟುತ್ತಿದ್ದಂತೆ ಬಿಡುತ್ತದೆ ಎಂದು ಪಂಚಾಂಗವೂ ಹೇಳಿತ್ತು, ತಾರಾಲಯವೂ ಹೇಳಿತ್ತು. ಹೇಳಿದಂತೆಯೇ ಆಯಿತು. ಆಗದೆ ಏನು? ಸೂರ್ಯನನ್ನು ಮರೆಮಾಡುವವನು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಆರ್ಯಭಟ ಹದಿನೈದು ಶತಮಾನಗಳ ಹಿಂದೆಯೇ ಬರೆದಿಟ್ಟು ಹೋಗಿದ್ದಾನೆ. ಪಂಚಾಂಗ ಬರೆಯುವವರ ಲೆಕ್ಕದ ಹಾಳೆಯಲ್ಲಿ ರಾಹುವಿಗೆ ತಲೆಯೂ ಇಲ್ಲ, ಹಲ್ಲೂ ಇಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ಹಾಯುವ ಒಂದು ಬಿಂದು ಅವನು. ಲೆಕ್ಕ ಮುಗಿದು ಫಲ ಬರೆಯುವ ಪುಟಕ್ಕೆ ಬಂದಾಗ ಅವನಿಗೆ ಬಾಯಿ ಮೂಡುತ್ತದೆ, ಹಸಿವು ಹುಟ್ಟುತ್ತದೆ, ದಾನ ಕೊಡುವ ಉದ್ದಿನ ಮೇಲೆ ಕಣ್ಣು ಬೀಳುತ್ತದೆ.

ಹಾಗೆ ನೋಡಿದರೆ ದೇವರುಗಳಲ್ಲೂ ಈ ವಿಷಯದಲ್ಲಿ ಒಮ್ಮತವಿಲ್ಲ. ಗ್ರಹಣ ಬಂದರೆ ತಿರುಮಲದಲ್ಲಿ ಬಾಗಿಲು ಹಾಕುತ್ತಾರೆ. ಅದೇ ಸೀಮೆಯ ಶ್ರೀಕಾಳಹಸ್ತಿಯಲ್ಲಿ ಬಾಗಿಲು ತೆರೆದು ವಿಶೇಷ ಅಭಿಷೇಕ ಮಾಡುತ್ತಾರೆ. ಅಲ್ಲಿ ರಾಹು ಕೇತುಗಳೊಂದಿಗೆ ಒಳ್ಳೆಯ ಸಂಬಂಧವಿದೆ.

ಈಗ ಆಸ್ತಿಕರ ವಿಚಾರ. ಹಿಂದೆ ಅಜ್ಜಿ ‘ಹಾಗೆಲ್ಲ ಮಾಡಬಾರದು’ ಎಂದರೆ ಮಾತು ಮುಗಿಯುತ್ತಿತ್ತು. ಈಗ ಮೊಮ್ಮಗ ಸಾಫ್ಟ್‌ವೇರ್ ಎಂಜಿನಿಯರ್. ಉಪ್ಪಿನಕಾಯಿ ಜಾಡಿಯ ಮೇಲೆ ಒಂದು ಎಳೆ ದರ್ಭೆ ಇಡುವುದಕ್ಕೂ ಅವನಿಗೆ ನಾಸಾದ ಒಪ್ಪಿಗೆ ಬೇಕು. ದರ್ಭೆ ವಿಕಿರಣವನ್ನು ಹೀರಿಕೊಳ್ಳುತ್ತದೆ ಎಂದು ವಿದೇಶದ ವಿಜ್ಞಾನಿಗಳೇ ಒಪ್ಪಿದ್ದಾರಂತೆ. ಯಾವ ವಿಜ್ಞಾನಿಗಳು ಎಂದರೆ, ವಾಟ್ಸಾಪ್‌ನಲ್ಲಿ ಇದೆ. ಯಾವ ವಿಕಿರಣ ಎಂದರೆ, ಅಪಾಯಕಾರಿ ವಿಕಿರಣ. ಹಾಲಿಗೆ, ಮೊಸರಿಗೆ, ನೀರಿನ ಕೊಡಕ್ಕೆ ದರ್ಭೆ ಹಾಕಿ, ಕೊನೆಗೆ ಫ್ರಿಜ್ಜಿನಲ್ಲಿದ್ದ ಐಸ್‌ಕ್ರೀಮಿನ ಡಬ್ಬಿಗೂ ಒಂದು ಎಳೆ ಇಟ್ಟು ಅವನು ಕೆಲಸಕ್ಕೆ ಕೂರುತ್ತಾನೆ. ಅಜ್ಜಿಗೆ ಇದ್ದದ್ದು ನಂಬಿಕೆ. ಇವನಿಗೆ ಬೇಕಾದದ್ದು ಪ್ರಮಾಣಪತ್ರ, ಅದೂ ತಾನು ದಿನವೂ ಬೈಯುವ ಪಶ್ಚಿಮದವರದ್ದೇ ಆಗಬೇಕು.

ಇತ್ತ ನಾಸ್ತಿಕರು ಆಚಾರದಲ್ಲಿ ಬಹಳ ಕಟ್ಟುನಿಟ್ಟಾಗಿದ್ದಾರೆ. ಗ್ರಹಣ ಬಂತೆಂದರೆ ಬೆಂಗಳೂರಿನ ಪುರಭವನದ ಮುಂದೆ ಸೇರಿ, ಹಿಡಿದ ಮೇಲೆ ಮತ್ತು ಬಿಡುವ ಮೊದಲು, ಕ್ಯಾಮೆರಾಗಳ ಎದುರು ತಿಂಡಿ ತಿನ್ನುವುದು ಈಗ ಸಂಪ್ರದಾಯ. ಮೊದಲು ತಿಂದರೆ ಫಲವಿಲ್ಲ, ಆಮೇಲೆ ತಿಂದರೂ ಫಲವಿಲ್ಲ. ಎಲ್ಲ ಹೋಟೆಲುಗಳೂ ದಿನವೂ ಇಡ್ಲಿ ಮಾರುವ ಹೊತ್ತಿಗೇ 2019ರ ಗ್ರಹಣ ಬಂದದ್ದರಿಂದ, ಆ ದಿನ ಒಂಬತ್ತು ಗಂಟೆಗೆ ಇಡ್ಲಿ ತಿಂದ ಎಲ್ಲರೂ ಕ್ರಾಂತಿಕಾರಿಗಳಾದರು. ಹೋಟೆಲಿನ ಮಾಣಿಗೆ ಇದು ಗೊತ್ತೇ ಆಗಲಿಲ್ಲ.

ನನ್ನ ವಿಚಾರವಾದಿ ಗೆಳೆಯನೊಬ್ಬನಿದ್ದಾನೆ. ಸಕ್ಕರೆ ಕಾಯಿಲೆ, ರಾತ್ರಿ ಎಂಟಕ್ಕೆ ಊಟ ಆಗಲೇಬೇಕು. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ ಹಿಡಿದದ್ದು ರಾತ್ರಿ 9.57ಕ್ಕೆ, ಚಂದ್ರ ಪೂರ್ತಿ ಮುಚ್ಚಿದ್ದು 11.01ಕ್ಕೆ. ಅವನು ತತ್ವಕ್ಕಾಗಿ ಹಸಿದು ಕುಳಿತ. ಗಡಿಯಾರ ನೋಡಿದ, ಆಕಾಶ ನೋಡಿದ, ಮೋಡವಿದ್ದುದರಿಂದ ಮತ್ತೆ ಗಡಿಯಾರವನ್ನೇ ನೋಡಿದ. ಹನ್ನೊಂದು ಹೊಡೆದ ಮೇಲೆ ತುತ್ತು ಎತ್ತಿದ. ಅವನ ಮನೆಯ ಆಸ್ತಿಕರು ಸಂಜೆಯೇ ಉಂಡು, ಪಾತ್ರೆ ತೊಳೆದು, ಗೊರಕೆ ಹೊಡೆಯುತ್ತಿದ್ದರು. ಹೀಗೆ ಆ ರಾತ್ರಿ ಉಪವಾಸವಿದ್ದು, ಜಾಗರಣೆ ಮಾಡಿ, ಗಳಿಗೆ ನೋಡಿ ಪಾರಣೆ ಮಾಡಿದವನು ಆ ಮನೆಯಲ್ಲಿ ದೇವರನ್ನು ನಂಬದ ಒಬ್ಬನೇ.

ಭುವನೇಶ್ವರದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 2022ರ ನವೆಂಬರ್ 8ರ ಚಂದ್ರಗ್ರಹಣಕ್ಕೆ ಅಲ್ಲಿನ ವಿಚಾರವಾದಿಗಳು ಚಿಕನ್ ಬಿರಿಯಾನಿಯ ಸಹಭೋಜನ ಇಟ್ಟರು. ಎದುರು ಪಕ್ಷದವರು ಬಂದು ಸಗಣಿ ಎಸೆದರು. ಒಂದು ಕಡೆ ಕೋಳಿಯಿಂದ ವೈಜ್ಞಾನಿಕ ಮನೋಭಾವ, ಇನ್ನೊಂದು ಕಡೆ ಸಗಣಿಯಿಂದ ಸನಾತನ ಧರ್ಮ ಉಳಿಯಿತು. ಚಂದ್ರನ ಕಡೆ ಯಾರೂ ನೋಡಿದಂತಿಲ್ಲ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ಗಾಳಿಯಲ್ಲಿ ಕೈಯಾಡಿಸಿ ಉಂಗುರ ಕೊಡುವವರು ಒಂದು ಕುಂಬಳಕಾಯಿ ಕೊಡಲಿ ಎಂಬುದು ಅವರ ವಾದ; ಉಂಗುರ ತೋಳಿನಲ್ಲಿ ಅಡಗುತ್ತದೆ, ಕುಂಬಳಕಾಯಿ ಅಡಗುವುದಿಲ್ಲ. ಪುಟ್ಟಪರ್ತಿಯಿಂದ ಕುಂಬಳಕಾಯಿ ಬರಲಿಲ್ಲ. ಆದರೂ ಅದು ಪ್ರಶ್ನೆ. ಮನೆಗೆ ಹೋದ ಮೇಲೂ ತಲೆಯಲ್ಲಿ ಕೊರೆಯುವಂಥದ್ದು. ಕ್ಯಾಮೆರಾ ಮುಂದೆ ತಿಂದ ಇಡ್ಲಿ ಯಾರ ತಲೆಯಲ್ಲೂ ಏನನ್ನೂ ಕೊರೆಯುವುದಿಲ್ಲ. ಅದನ್ನು ನೋಡಿದ ಆಸ್ತಿಕ ‘ಇವರಿಗೆ ಮುಂದೆ ಗೊತ್ತಾಗುತ್ತದೆ ಬಿಡಿ’ ಎನ್ನುತ್ತಾನೆ. ತಿಂದವರಲ್ಲಿ ಯಾರಿಗಾದರೂ ಮುಂದಿನ ಹತ್ತು ವರ್ಷಗಳಲ್ಲಿ ಮೊಣಕಾಲು ನೋವು ಬಂದರೂ ಅವನು ಗೆದ್ದ. ಬರದಿದ್ದರೆ, ಹೆಂಡತಿಯ ಪೂಜೆಯ ಬಲ.

ನಾಸ್ತಿಕರಲ್ಲೂ ಮನೆಯ ಮಾತು ಬೇರೆ. ವೇದಿಕೆಯ ಮೇಲೆ ವಾಸ್ತುವನ್ನು ಸುಟ್ಟವರು ಸ್ವಂತ ಮನೆ ಕಟ್ಟುವಾಗ ಬಾಗಿಲನ್ನು ಪೂರ್ವಕ್ಕೆ ಇಡಿಸಿ ‘ಗಾಳಿ ಬೆಳಕಿಗೆ’ ಎನ್ನುತ್ತಾರೆ. ಗೃಹಪ್ರವೇಶಕ್ಕೆ ಹೋಮದ ಹೊಗೆ ಎದ್ದರೆ ‘ತಾಯಿಯ ಸಮಾಧಾನಕ್ಕೆ’. ಈ ನಾಡಿನ ತಾಯಂದಿರು ತಮ್ಮ ಮಕ್ಕಳ ವೈಚಾರಿಕತೆಯ ಎಷ್ಟು ಭಾರ ಹೊತ್ತಿದ್ದಾರೆ ಎಂದು ಯಾರಾದರೂ ಲೆಕ್ಕ ಹಾಕಬೇಕು.

ಆದರೆ 2019ರ ಆ ಬೆಳಿಗ್ಗೆಯೇ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಗುಂಡಿಯಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿಗೆ ಮಣ್ಣಿನಲ್ಲಿದ್ದರೆ ಕೈಕಾಲು ಸರಿಹೋಗುತ್ತದೆಂಬ ಆಸೆ. ಹೂತವರು ಹೆತ್ತವರೇ. ಅವರಿಗೆ ಆರ್ಯಭಟನನ್ನು ಯಾರೂ ಹೇಳಿರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಮಗುವನ್ನು ಎಷ್ಟು ಸಲ ಎತ್ತಿಕೊಂಡು ಹೋದಿರಿ ಎಂದು ಯಾರೂ ಕೇಳಿರಲೂ ಇಲ್ಲ. ಸಂಜೆ ಅದೇ ಸುದ್ದಿ ಎರಡೂ ಪಕ್ಷಕ್ಕೆ ಒದಗಿತು. ಒಬ್ಬರು ‘ನೋಡಿ ನಿಮ್ಮ ಧರ್ಮ’ ಎಂದರು, ಇನ್ನೊಬ್ಬರು ‘ಇದು ನಮ್ಮ ಧರ್ಮವೇ ಅಲ್ಲ’ ಎಂದರು. ಮಕ್ಕಳ ಕೈಕಾಲಿನ ವಿಚಾರ ಇಬ್ಬರಲ್ಲೂ ಬರಲಿಲ್ಲ.

ಇನ್ನು ಒನಕೆಯ ವ್ಯಾಜ್ಯ ಉಳಿದಿದೆ. ಗ್ರಹಣದ ಹೊತ್ತಿಗೆ ತಟ್ಟೆಯ ನೀರಿನಲ್ಲಿ ಒನಕೆಯನ್ನು ಇಟ್ಟರೆ ಆಸರೆಯಿಲ್ಲದೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ನಂಬುತ್ತಾರೆ. ತಳ ಸಮನಾಗಿರುವ ಒನಕೆ ಯಾವ ದಿನವಾದರೂ ನಿಲ್ಲುತ್ತದೆ ಎಂದು ತೋರಿಸಲು ನನ್ನ ಗೆಳೆಯ, ಗ್ರಹಣದ ಸುಳಿವೇ ಇಲ್ಲದ ಒಂದು ಮಂಗಳವಾರ, ಬೀದಿಯವರನ್ನೆಲ್ಲ ಕರೆದ. ಮೊದಲ ಸಲ ಬಿತ್ತು. ‘ಗ್ರಹಣವಿಲ್ಲದೆ ನಿಲ್ಲುವುದಿಲ್ಲಪ್ಪ’ ಎಂದರು ಎದುರು ಮನೆಯ ಅಜ್ಜಿ. ಅವನು ನೆಲವೇ ಸರಿಯಿಲ್ಲವೆಂದು ಗಾರೆ ಕೆಲಸದವರ ರಸಮಟ್ಟ ತರಿಸಿ ನೋಡಿದ, ಜಾಗ ಬದಲಿಸಿದ. ಮತ್ತೆ ಇಟ್ಟ. ಈ ಸಲ ಒನಕೆ ಕಂಬದಂತೆ ನಿಂತಿತು. ಅವನು ಗೆದ್ದವನಂತೆ ಸುತ್ತ ನೋಡಿದ. ಅಜ್ಜಿ ಹತ್ತಿರ ಬಂದು ಒನಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ಹಾಗಾದರೆ ಗ್ರಹಣ ಹತ್ತಿರ ಬಂದಿರಬೇಕು, ಪಂಚಾಂಗ ನೋಡಪ್ಪ’ ಎಂದರು.

ಅವನು ಮೊಬೈಲ್ ತೆಗೆದು ನೋಡಿಯೇ ಬಿಟ್ಟ. ಇನ್ನೂ ಐದು ತಿಂಗಳಿತ್ತು.

‘ನಾನು ಹೇಳಲಿಲ್ಲವೇ?’ ಎಂದು ಅಜ್ಜಿ ಒಳಗೆ ಹೋದರು.