ಎಂಜಿನ್ ಒಂದು ಬಿಟ್ಟು ಎಲ್ಲವೂ ಸಿದ್ಧ

ನಮ್ಮ ವಾಯುಪಡೆಯ ಮಿಗ್-21 ಯುದ್ಧವಿಮಾನ ಕೊನೆಗೂ ನಿವೃತ್ತಿಯಾಯಿತು. 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ನೀರು ಚಿಮ್ಮಿಸಿ, ಭಾಷಣ ಮಾಡಿ, ಕಣ್ಣೊರೆಸಿಕೊಂಡು ಬೀಳ್ಕೊಟ್ಟರು. ಅದು ಸೇವೆಗೆ ಸೇರಿದ್ದು 1963ರಲ್ಲಿ. ನಮ್ಮ ರಾಜ್ಯ ಸರ್ಕಾರಿ ನೌಕರ 60 ತುಂಬಿದ ತಿಂಗಳ ಕೊನೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ನಡೆಯಲೇಬೇಕು. ಈ ವಿಮಾನಕ್ಕೆ 62 ತುಂಬುವವರೆಗೂ ಸೇವಾ ವಿಸ್ತರಣೆ ಸಿಗುತ್ತಲೇ ಹೋಯಿತು. ಯಾರದೋ ವಶೀಲಿ ಇತ್ತೆಂದು ತಿಳಿಯಬೇಡಿ. ಅಧಿಕಾರ ವಹಿಸಿಕೊಳ್ಳಬೇಕಾದವನು ಬಂದಿರಲಿಲ್ಲ, ಅಷ್ಟೇ.

ಅದೇ ತಿಂಗಳು ರಕ್ಷಣಾ ಸಚಿವಾಲಯ ಸೇನೆಗೆ ಮುಂದಿನ 15 ವರ್ಷಗಳಲ್ಲಿ ಯಾವ ಯಾವ ತಂತ್ರಜ್ಞಾನ ಬೇಕಾಗುತ್ತದೆ ಎಂಬ ಮುನ್ನೋಟದ ಪುಸ್ತಕ ಹೊರತಂದಿತು. ಅಣುಶಕ್ತಿಯಿಂದ ಓಡುವ ಯುದ್ಧನೌಕೆ, ಲೇಸರ್ ಅಸ್ತ್ರ, ಶಬ್ದವನ್ನು ಐದಾರು ಪಟ್ಟು ಹಿಂದಿಕ್ಕುವ ಕ್ಷಿಪಣಿ, ಎಲ್ಲದಕ್ಕೂ ಒಂದು ಚಿಟಿಕೆ ಕೃತಕ ಬುದ್ಧಿಮತ್ತೆ. ಓದುತ್ತ ಓದುತ್ತ ಎದೆ ಉಬ್ಬಿತು. ಇಂಥದ್ದೇ ಪುಸ್ತಕ 2013ರಲ್ಲೂ ಬಂದಿತ್ತು, 2018ರಲ್ಲೂ ಬಂದಿತ್ತು. ಹದಿನೈದು ವರ್ಷದ ಯೋಜನೆ ಐದು-ಏಳು ವರ್ಷಕ್ಕೊಮ್ಮೆ ಮರುಹುಟ್ಟು ಪಡೆಯುವುದರಿಂದ ಯಾವ ಪುಸ್ತಕಕ್ಕೂ 15 ತುಂಬುವುದೇ ಇಲ್ಲ. ತುಂಬಿದರಲ್ಲವೇ ಲೆಕ್ಕ ಕೇಳುವುದು?

ಬೆಂಗಳೂರಿನಲ್ಲಿ ಇರುವವನಾದ್ದರಿಂದ ನಾನು ಈ ಸಾಹಸಗಳನ್ನು ಹತ್ತಿರದಿಂದ ನೋಡುತ್ತ ಬಂದಿದ್ದೇನೆ. ಹತ್ತಿರ ಎಂದರೆ ತೀರಾ ಹತ್ತಿರ, ನನ್ನ ಊಟದ ತಟ್ಟೆಯವರೆಗೆ. 2025ರ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯಿತಲ್ಲ, ಅದಕ್ಕಾಗಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಒಳಗೆ ಮಾಂಸ ಮಾರುವಂತಿಲ್ಲ, ಹೋಟೆಲಿನಲ್ಲಿ ಬಡಿಸುವಂತಿಲ್ಲ ಎಂದು ಪಾಲಿಕೆ ಆದೇಶಿಸಿತು. ಕಾರಣ ಸರಿಯಾದದ್ದೇ. ಬಿಸಾಡಿದ ಮಾಂಸದ ಚೂರಿಗೆ ಹದ್ದು ಬರುತ್ತದೆ, ಹದ್ದು ವಿಮಾನಕ್ಕೆ ಬಡಿಯುತ್ತದೆ. ನಮ್ಮ ಬೀದಿಯ ಮಟನ್ ಅಂಗಡಿಯವನು ಷಟರ್ ಅರ್ಧ ಎಳೆದು, ಒಣಗಿ ಬಿರುಕು ಬಿಟ್ಟ ಹುಣಸೆ ಕೊರಡಿನ ಮೇಲೆ ಕುಳಿತು ಮೊಬೈಲ್ ನೋಡುತ್ತಿದ್ದ. "ಸಾರ್, 2023ರಲ್ಲಿ 10 ಕಿಲೋಮೀಟರ್ ಇತ್ತು, ಈ ಸಲ 13 ಆಗಿದೆ. ಹೀಗೇ ಹೋದರೆ ತುಮಕೂರಿನವರೂ ಸೊಪ್ಪು ತಿನ್ನಬೇಕಾಗುತ್ತದೆ" ಎಂದ. ಅಂಗಡಿಯ ಎದುರಿನ ಕಸದ ರಾಶಿಯಿಂದ ಒಂದು ಹದ್ದು ಏನನ್ನೋ ಕಚ್ಚಿಕೊಂಡು ಹಾರಿತು. ಅದಕ್ಕೆ ಆದೇಶದ ಪ್ರತಿ ತಲುಪಿರಲಿಲ್ಲ.

ಆದರೂ ನಾನು ಪಾಲಿಕೆಗೆ ತಲೆಬಾಗುತ್ತೇನೆ. ಇಡೀ ರಕ್ಷಣಾ ಕ್ಷೇತ್ರದಲ್ಲಿ ಹೇಳಿದ ದಿನಕ್ಕೆ ಶುರುವಾಗಿ ಹೇಳಿದ ದಿನಕ್ಕೆ ಮುಗಿದ ಕಾರ್ಯಕ್ರಮ ಅದೊಂದೇ. ಅದೇ ಪ್ರದರ್ಶನದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ವಿಮಾನವೊಂದರ ಕಾಕ್‌ಪಿಟ್‌ನಲ್ಲಿ ಕುಳಿತೇ, ವಿಮಾನ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್‌ನವರಿಗೆ ಹೇಳಿದ್ದು ಕ್ಯಾಮೆರಾಕ್ಕೆ ಸಿಕ್ಕಿಬಿಟ್ಟಿತು: ಫೆಬ್ರವರಿಗೆ ಬಂದಾಗ 11 ತೇಜಸ್ ಮಾರ್ಕ್-1ಎ ಯುದ್ಧವಿಮಾನ ಸಿದ್ಧ ಇರುತ್ತವೆ ಎಂದಿರಿ, ಒಂದೂ ಇಲ್ಲ, ನಿಮ್ಮ ಮೇಲೆ ನನಗೆ ಭರವಸೆಯೇ ಬರುತ್ತಿಲ್ಲ. ಅವರು ಕುಳಿತಿದ್ದ ತರಬೇತಿ ವಿಮಾನದ ಕತೆಯೂ ಸೊಗಸಾಗಿದೆ. 2003ರಲ್ಲಿ ಮೊದಲು ಹಾರಿದಾಗ ಅದರ ಹೆಸರು ಸಿತಾರಾ. ವಾಯುಪಡೆಯ ಕೈಗೆ ತಲುಪದೆ 22 ವರ್ಷ ಕಳೆದ ಮೇಲೆ, ಈ ಪ್ರದರ್ಶನದಲ್ಲಿ ಅದಕ್ಕೆ ಯಶಸ್ ಎಂದು ಮರುನಾಮಕರಣವಾಯಿತು. ಸಿನಿಮಾ ಓಡದಿದ್ದಾಗ ನಟರು ಹೆಸರಿಗೆ ಒಂದು ಅಕ್ಷರ ಸೇರಿಸಿಕೊಳ್ಳುತ್ತಾರೆ. ಸಂಖ್ಯಾಶಾಸ್ತ್ರವೂ ಶಾಸ್ತ್ರವೇ ತಾನೆ, ಸಂಶೋಧನೆಯ ಲೆಕ್ಕಕ್ಕೆ ಹಾಕಿಕೊಳ್ಳೋಣ.

ಮಾರ್ಕ್-1ಎ ಯಾಕೆ ಬರಲಿಲ್ಲ ಎಂದರೆ, ಎಂಜಿನ್ ಬರಲಿಲ್ಲ. ಮೈಕಟ್ಟು ನಮ್ಮದು, ರೆಕ್ಕೆ ನಮ್ಮದು, ಎಂಜಿನ್ ಅಮೆರಿಕದ ಜಿಇ ಕಂಪನಿಯದು. 2021ರಲ್ಲಿ 99 ಎಂಜಿನ್‌ಗಳಿಗೆ ಬರೆದುಕೊಟ್ಟೆವು. ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ರಥ ಕಟ್ಟಿ, ಹೂವು ಮುಡಿಸಿ, ಬೀದಿಯಲ್ಲಿ ನಿಲ್ಲಿಸಿದ್ದೇವೆ. ಎಳೆಯುವ ಹಗ್ಗ ಮಾತ್ರ ಬೇರೆ ಊರಿನಿಂದ ಬರಬೇಕು.

ಇದೇನು ಹೊಸ ಪಾಡೇ? 1961ರ ಜೂನ್ 17ರಂದು ಇದೇ ಬೆಂಗಳೂರಿನಲ್ಲಿ ಎಚ್‌ಎಫ್-24 ಮಾರುತ್ ಎಂಬ ಯುದ್ಧವಿಮಾನ ಮೊದಲ ಸಲ ಹಾರಿತು. ವಿನ್ಯಾಸ ಮಾಡಿದವನು ಜರ್ಮನಿಯಿಂದ ಕರೆತಂದ ಕುರ್ಟ್ ಟ್ಯಾಂಕ್. ಚೆಂದದ ವಿಮಾನ, ಹಾರಿಸಿದವರೆಲ್ಲ ಹೊಗಳಿದರು. ಶಬ್ದಕ್ಕಿಂತ ವೇಗವಾಗಿ ಹೋಗಲೆಂದೇ ರೂಪಿಸಿದ ಮೈಯೊಳಗೆ ಅರೆಬಲದ ಬ್ರಿಟಿಷ್ ಎಂಜಿನ್ ಕೂರಿಸಿದ್ದರಿಂದ ಸಮತಟ್ಟಾದ ಹಾರಾಟದಲ್ಲಿ ಅದು ಆ ವೇಗ ಮುಟ್ಟಲೇ ಇಲ್ಲ. ಬೇಕಾಗಿದ್ದ ದೊಡ್ಡ ಎಂಜಿನ್ನನ್ನು ಬ್ರಿಟನ್ ಅರ್ಧಕ್ಕೆ ಕೈಬಿಟ್ಟಿತ್ತು; ಮುಂದುವರಿಸಲು ದುಡ್ಡು ಕೊಡಿ ಎಂದಾಗ ನಾವು ಕೊಡಲಿಲ್ಲ. ಈಜಿಪ್ಟಿನವರು ಮಾಡುತ್ತಿದ್ದ ಎಂಜಿನ್ ಕೂರುತ್ತದೆಯೇ ನೋಡಲು ಒಂದು ಮಾರುತನನ್ನು ಅಲ್ಲಿಗೂ ಕಳಿಸಿದರು. ಜಾತಕ ಕೂಡಲಿಲ್ಲ.

ಆಮೇಲೆ ಬುದ್ಧಿ ಬಂತು. ತೇಜಸ್‌ಗೆ ನಮ್ಮ ಎಂಜಿನ್ನನ್ನು ನಾವೇ ಮಾಡೋಣ ಎಂದು 1989ರಲ್ಲಿ ಮಂಜೂರಾತಿ ಸಿಕ್ಕಿತು. 382 ಕೋಟಿ ರೂಪಾಯಿ, 1996ಕ್ಕೆ ಮುಕ್ತಾಯ. ಹೆಸರು ಏನಿಟ್ಟರು ಹೇಳಿ? ಕಾವೇರಿ. ದೇಶದಲ್ಲಿ ಇಷ್ಟೊಂದು ನದಿಗಳಿರುವಾಗ! ಹೆಸರಿಡುವ ಮುನ್ನ ಆ ಪುಣ್ಯಾತ್ಮರು ಮಂಡ್ಯದ ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತೇ? 1990ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಯಿತು, 2007ರಲ್ಲಿ ಐತೀರ್ಪು ಬಂತು, 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂದರೆ ನೀರಿನ ಕಾವೇರಿ ಎಂಜಿನ್ ಕಾವೇರಿಗಿಂತ ಒಂದು ವರ್ಷ ತಡವಾಗಿ ಹೊರಟು ಮೊದಲು ದಡ ಸೇರಿತು. ಎಂಜಿನ್ನಿಗೆ ಬೇಕಿದ್ದ ನೂಕುಬಲ 81 ಕಿಲೋನ್ಯೂಟನ್, ಹರಿದು ಬಂದದ್ದು 70ರ ಆಸುಪಾಸು. ಅಲ್ಲೂ ಕೊರತೆ, ಅಲ್ಲೂ ಸಂಕಷ್ಟ ಸೂತ್ರ. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಈಗ ಪೈಲಟ್ ಇಲ್ಲದ ವಿಮಾನಕ್ಕೆ ಆಗಬಹುದು ಎನ್ನುತ್ತಾರೆ. ಚುನಾವಣೆಯಲ್ಲಿ ಸೋತವರಿಗೆ ನಿಗಮ, ಮಂಡಳಿ ಎಂದು ಏನಾದರೊಂದು ಕೊಡುವುದಿಲ್ಲವೇ, ಹಾಗೆ.

ಇಲ್ಲಿ ವಿಜ್ಞಾನಿಗಳನ್ನು ಗೇಲಿ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಎಂಜಿನ್ನಿನ ಒಳಗೆ ಉರಿಯುವ ಅನಿಲದ ಬಿಸಿ ಅದರ ಅಲಗುಗಳ ಲೋಹವೇ ಕರಗುವಷ್ಟು. ಆ ಬಿಸಿಯಲ್ಲಿ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಅದನ್ನು ಕರಗತ ಮಾಡಿಕೊಂಡ ದೇಶಗಳನ್ನು ಬೆರಳಲ್ಲಿ ಎಣಿಸಬಹುದು, ಯಾರೂ ಗುಟ್ಟು ಬಿಟ್ಟುಕೊಡುವುದಿಲ್ಲ. ಎಂಜಿನ್ನನ್ನು ಆಕಾಶದಲ್ಲಿ ಪರೀಕ್ಷಿಸುವ ವಿಮಾನವೂ ನಮ್ಮಲ್ಲಿರಲಿಲ್ಲ. 2010ರಲ್ಲಿ ಕಾವೇರಿಯನ್ನು ರಷ್ಯಾಕ್ಕೆ ಹೊತ್ತುಕೊಂಡು ಹೋಗಿ ಅವರ ಸರಕು ವಿಮಾನಕ್ಕೆ ಕಟ್ಟಿ ಹಾರಿಸಬೇಕಾಯಿತು. ಇಷ್ಟೂ ವರ್ಷಗಳಲ್ಲಿ ಅದಕ್ಕೆ ಖರ್ಚಾದದ್ದು ಎರಡು ಸಾವಿರ ಕೋಟಿ ಚಿಲ್ಲರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿ ಕಾರು ಓಡಿಸುವ ಸುರಂಗ ರಸ್ತೆಯ ಅಂದಾಜು 17 ಸಾವಿರ ಕೋಟಿ ದಾಟಿದೆ.

ಸಮಿತಿಗಳ ವಿಷಯದಲ್ಲಿ ಮಾತ್ರ ನಾವು ಸಂಪೂರ್ಣ ಸ್ವಾವಲಂಬಿಗಳು. ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಸುಧಾರಣೆಗೆ 2007ರಲ್ಲಿ ರಾಮರಾವ್ ಸಮಿತಿ ಕುಳಿತಿತು. ರಕ್ಷಣಾ ತಂತ್ರಜ್ಞಾನ ಆಯೋಗ ಬೇಕು ಎಂದಿತು. 2023ರಲ್ಲಿ ವಿಜಯರಾಘವನ್ ಸಮಿತಿ ಕುಳಿತಿತು. ಪತ್ರಿಕೆಗಳಲ್ಲಿ ಬಂದ ಪ್ರಕಾರ, ರಕ್ಷಣಾ ತಂತ್ರಜ್ಞಾನ ಮಂಡಳಿ ಬೇಕು ಎಂದಿತು. ಹದಿನಾರು ವರ್ಷದಲ್ಲಿ ಆಯೋಗದಿಂದ ಮಂಡಳಿಯವರೆಗೆ ಬಂದಿದ್ದೇವೆ. ಪ್ರಾಧಿಕಾರ ಇನ್ನೂ ಬಾಕಿ ಇದೆ.

ಬೇಕು ಎನ್ನುವವರೂ ಕಡಿಮೆಯವರಲ್ಲ. 2011ರಲ್ಲಿ ಸೇನೆ ಒಂದು ಬಂದೂಕಿಗೆ ಟೆಂಡರ್ ಕರೆಯಿತು. ನಳಿಗೆ ಬದಲಿಸಿದರೆ ಸಾಕು, ಒಂದೇ ಬಂದೂಕು ಎರಡು ಅಳತೆಯ ಗುಂಡು ಹಾರಿಸಬೇಕು, ಇನ್ನೂ ಏನೇನೋ. ಈಗಿನ ವಧುವಿನ ಕಡೆಯವರ ಪಟ್ಟಿಯಂತೆ: ಹುಡುಗನಿಗೆ ಬೆಂಗಳೂರಿನಲ್ಲಿ ಮನೆ ಇರಬೇಕು, ಊರಿನಲ್ಲಿ ತೋಟ ಇರಬೇಕು, ಅತ್ತೆ-ಮಾವ ಇರಬಾರದು. ಅಂಥ ವರ ಸಿಗದೆ 2015ರಲ್ಲಿ ಟೆಂಡರ್ ರದ್ದಾಯಿತು. ಸೇನೆಯ ಬೇಡಿಕೆಗಳು ಕಾಮಿಕ್ಸ್ ಪುಸ್ತಕದಿಂದ ಎತ್ತಿಕೊಂಡಂತಿವೆ ಎಂದು ಆಗ ರಕ್ಷಣಾ ಸಚಿವರಾಗಿದ್ದ ಮನೋಹರ ಪರ್ರಿಕರ್ ಅವರೇ ನಕ್ಕಿದ್ದರು. ಕೊನೆಗೆ ಬಂದೂಕು ಅಮೆರಿಕದಿಂದ ಬಂತು.

ಹಾಗೆಂದು ಡಿಆರ್‌ಡಿಒದ ನಮ್ಮವರು ಏನೂ ಮಾಡಿಲ್ಲವೆಂದರೆ ನಾಲಿಗೆಗೆ ಹುಳ ಬೀಳುತ್ತದೆ. ತೇಜ್‌ಪುರದಲ್ಲಿ ಭೂತ ಜೊಲೊಕಿಯಾ ಮೆಣಸಿನಕಾಯಿಯ ಗ್ರೆನೇಡ್ ಮಾಡಿದ್ದಾರೆ. ಲೇಹ್‌ನಲ್ಲಿ ಅಲ್ಲಿಯ ಕಾಡುಹಣ್ಣಿನ ಶರಬತ್ತು ಮಾಡಿದ್ದಾರೆ. ಸೊಳ್ಳೆ ಓಡಿಸುವ ಮುಲಾಮು ಇದೆ, ತೊನ್ನಿಗೆ ಔಷಧ ಇದೆ. ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವನ್ನಂತೂ ನಾನು ನಿಜವಾಗಿಯೇ ಹೊಗಳುತ್ತೇನೆ. 1961ರಲ್ಲಿ, ಮಾರುತ್ ಹಾರಿದ ವರ್ಷವೇ, ಶುರುವಾದ ಸಂಸ್ಥೆ. ತಿಂಗಳುಗಟ್ಟಲೆ ಕೆಡದ ಚಪಾತಿ ಮಾಡಿದರು, 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಬುತ್ತಿ ಕಟ್ಟಿದರು. ಅಂಗಡಿಯಲ್ಲಿ ಸಿಗುವ ಸಿದ್ಧ ಊಟದ ಬೆಳ್ಳಿಬಣ್ಣದ ಪೊಟ್ಟಣದ ಹಿಂದೆ ಇರುವುದು ಅವರ ವಿದ್ಯೆ. ಅಮೆರಿಕಕ್ಕೆ ಹೊರಟ ನನ್ನ ಅಕ್ಕನ ಮಗನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಬಿಸಿಬೇಳೆಬಾತಿನ ಪೊಟ್ಟಣಗಳೇ ಹೆಚ್ಚು. ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ, ಮೂಲೆ ಕತ್ತರಿಸಿದರೆ ಇಂಗಿನ ಘಮ. ನಮ್ಮ ಪೊಟ್ಟಣ ಅಮೆರಿಕಕ್ಕೆ ಹೋಗುತ್ತದೆ, ಅಲ್ಲಿಂದ ಎಂಜಿನ್ ಬರಬೇಕು. ಪೊಟ್ಟಣ ಹೇಳಿದ ದಿನಕ್ಕೆ ತಲುಪುತ್ತದೆ.

ನಗುವುದಕ್ಕೆ ಇಷ್ಟೆಲ್ಲ ಇದೆ. ಆದರೆ ಮೊದಲು ಹೇಳಿದೆನಲ್ಲ, ಅಧಿಕಾರ ವಹಿಸಿಕೊಳ್ಳಬೇಕಾದವನು ಬಂದಿರಲಿಲ್ಲ ಎಂದು. ಆ ಬರಬೇಕಾದವನೇ ತೇಜಸ್. ಮಿಗ್-21ರ ಜಾಗಕ್ಕೆಂದು 1983ರಲ್ಲಿ ಮಂಜೂರಾಗಿ, 2001ರಲ್ಲಿ ಮೊದಲು ಹಾರಿ, 2016ರಲ್ಲಿ ಮೊದಲ ಸ್ಕ್ವಾಡ್ರನ್ ಕಂಡ ವಿಮಾನ. ನಡುವಿನ ವರ್ಷಗಳಲ್ಲಿ ಹುಡುಗರು ಹಳೆಯದನ್ನೇ ಹಾರಿಸಿದರು. 2012ರಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಕೊಟ್ಟ ಲೆಕ್ಕ ಇದು: ಕೊಂಡ ಎಲ್ಲ ಬಗೆಯ 872 ಮಿಗ್‌ಗಳಲ್ಲಿ ಅಪಘಾತಕ್ಕೆ ಈಡಾದವು 482. ಸತ್ತ ಪೈಲಟ್‌ಗಳು 171. ನೆಲದ ಮೇಲೆ ತಮ್ಮ ಪಾಡಿಗೆ ತಾವಿದ್ದ 39 ನಾಗರಿಕರೂ ಸತ್ತರು. ಇವರಲ್ಲಿ ಯಾರೂ ಯುದ್ಧದಲ್ಲಿ ಸತ್ತವರಲ್ಲ. ಯೋಜನೆ ತಡವಾಯಿತು ಎಂದು ಕಡತದಲ್ಲಿ ಬರೆಯಲು ಒಂದು ಸಾಲು ಸಾಕು. ಆ ಒಂದು ಸಾಲಿನ ಕೆಳಗೆ ಇಷ್ಟು ಮನೆಗಳಿವೆ. ಇದಕ್ಕೆ ಒಬ್ಬನೇ ಒಬ್ಬನ ಕೆಲಸ ಹೋದದ್ದನ್ನು ನಾನು ಕೇಳಿಲ್ಲ.

ಮೊನ್ನೆ ಆಟೋದಲ್ಲಿ ಸಿ.ವಿ. ರಾಮನ್ ನಗರದ ಕಡೆ ಹೊರಟಿದ್ದೆ. ಕಾವೇರಿ ಎಂಜಿನ್ ರೂಪಿಸಿದ ಪ್ರಯೋಗಾಲಯ ಇರುವ ಆ ರಸ್ತೆಯ ಹೆಸರು ಸುರಂಜನ್ ದಾಸ್ ರಸ್ತೆ. 1961ರಲ್ಲಿ ಮಾರುತನನ್ನು ಮೊದಲು ಹಾರಿಸಿದವರು ಅವರೇ. ಹೆಚ್ಚು ನೂಕುಬಲದ ಎಂಜಿನ್ ಅಳವಡಿಸಿದ ಮಾರುತನ ಪರೀಕ್ಷೆಯಲ್ಲಿ, 1970ರ ಜನವರಿ 10ರಂದು, ಇದೇ ಊರಿನಲ್ಲಿ ತೀರಿಕೊಂಡರು. ಫಲಕದ ಕೆಳಗೆ ವಾಹನಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಆಟೋದವನು ಎಂಜಿನ್ ಆರಿಸಿ, ತಿರುಗಿ ನೋಡಿ, "ಹತ್ತು ನಿಮಿಷ ಆಗುತ್ತದೆ ಸಾರ್" ಎಂದ.

ಒಂಬತ್ತೇ ನಿಮಿಷಕ್ಕೆ ಬಿಟ್ಟರು.