ಓವರ್‌ಫ್ಲೋ ಆಗಿದೆ ಸಾರ್

ಬೆಂಗಳೂರಿನಲ್ಲಿ ಒಂದು ಜೋರು ಮಳೆ ನಿಂತ ಮೇಲೆ ದೂರು ಕೊಡಲು ಫೋನ್ ಮಾಡಿ ನೋಡಿ. ಮೋರಿ ಕಟ್ಟಿಕೊಂಡಿದೆ ಎನ್ನಿ, ಮ್ಯಾನ್‌ಹೋಲ್ ಮುಚ್ಚಳ ಕುಣಿಯುತ್ತಿದೆ ಎನ್ನಿ, ಕೆರೆ ಗೇಟಿನೊಳಗೆ ಬಂದಿದೆ ಎನ್ನಿ, ಉತ್ತರ ಒಂದೇ: "ಓವರ್‌ಫ್ಲೋ ಆಗಿದೆ ಸಾರ್." ಕೇಳಿದವರಿಗೂ ಸಮಾಧಾನ. ಕಾಯಿಲೆಗೆ ಹೆಸರು ಸಿಕ್ಕರೆ ಅರ್ಧ ವಾಸಿಯಾದ ಹಾಗೆ.

ಕನ್ನಡದಲ್ಲಿ ಈ ಸೌಲಭ್ಯ ಇಲ್ಲ. ಹಾಲು ಉಕ್ಕುತ್ತದೆ, ಕೊಡ ತುಳುಕುತ್ತದೆ, ಹೊಳೆ ದಂಡೆ ಮೀರುತ್ತದೆ, ಕೆರೆ ಕೋಡಿ ಬೀಳುತ್ತದೆ. ಉಕ್ಕಿತು ಎಂದರೆ ಕೆಳಗೆ ಉರಿ ಜಾಸ್ತಿಯಾಗಿದೆ. ತುಳುಕಿತು ಎಂದರೆ ಹೊತ್ತವರು ಅಲ್ಲಾಡಿದ್ದಾರೆ. ಚೆಲ್ಲಿತು ಎಂದರೆ ಯಾರದೋ ಕೈ ಜಾರಿದೆ. ಒಂದೊಂದು ಮಾತಿನ ಹಿಂದೆಯೂ ಒಬ್ಬ ಆಸಾಮಿ ಸಿಕ್ಕಿಬೀಳುತ್ತಾನೆ. ಓವರ್‌ಫ್ಲೋ ಹಿಂದೆ ಯಾರೂ ಇಲ್ಲ. ಗ್ರಹಣದ ಹಾಗೆ ಅದು ಸುಮ್ಮನೆ 'ಆಗುತ್ತದೆ'. ಕಚೇರಿಗೆ ಇದಕ್ಕಿಂತ ಒಳ್ಳೆಯ ಪದ ಯಾವ ನಿಘಂಟು ಕೊಟ್ಟೀತು?

ಮೊದಲು ಮ್ಯಾನ್‌ಹೋಲನ್ನೇ ತೆಗೆದುಕೊಳ್ಳೋಣ. ಹೇಗೂ ಅದು ತೆಗೆದೇ ಇರುತ್ತದೆ. ಒಳಚರಂಡಿಯ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆ, ಅಂದರೆ 108 ಲೀಟರ್. ಬೆಳಗಿನ ಸ್ನಾನದ ರಭಸದಲ್ಲೂ ಕೊಳವೆ ಹತ್ತರಲ್ಲಿ ಎಂಟು ಪಾಲು ಮಾತ್ರ ತುಂಬಬೇಕು, ಮೇಲಿನ ಎರಡು ಪಾಲು ಗಾಳಿಗೆ. ನಾಲ್ಕು ಜನರ ಮನೆಯಿಂದ ದಿನಕ್ಕೆ 432 ಲೀಟರ್. ಈಗ ಅದೇ ಮನೆಯ ಟೆರೇಸಿಗೆ ಹತ್ತಿ. ಮೂವತ್ತು-ನಲವತ್ತರ ಸೈಟು, 1,200 ಚದರಡಿ. 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್. ಆ ಟೆರೇಸಿನ ಪೈಪನ್ನು ಮನೆ ಕಟ್ಟಿದ ಮೇಸ್ತ್ರಿ ರಸ್ತೆ ಬದಿಯ ಮೋರಿಗೆ ಬಿಡುವ ಬದಲು ಹತ್ತಿರದಲ್ಲೇ ಇದೆ ಎಂದು ಯುಜಿಡಿ, ಅಂದರೆ ಒಳಚರಂಡಿಯ, ಚೇಂಬರಿಗೆ ಸಿಕ್ಕಿಸಿದ್ದಾನೆ. ಹನ್ನೆರಡು ದಿನಕ್ಕೂ ಹೆಚ್ಚಿನ ಕೊಳಚೆಯಷ್ಟು ನೀರು ಒಂದು ಸಂಜೆಯಲ್ಲಿ ಒಂದೇ ಮನೆಯಿಂದ ಇಳಿಯಿತು. ಬೀದಿಯಲ್ಲಿ ಇಂಥ ಐವತ್ತು ಮನೆ. ಕೊಳವೆಯ ತಳದಲ್ಲಿ ಆಗಲೇ ಜಲ್ಲಿಪುಡಿ, ಹೋಟೆಲಿನ ಜಿಡ್ಡು, ಸುತ್ತಿ ಎಸೆದ ಪ್ಯಾಡು ಕೂತು ಜಾಗ ಅರ್ಧವಾಗಿದೆ. ನೀರಿಗೆ ಮುಂದೆ ದಾರಿಯಿಲ್ಲ, ತಗ್ಗಿನಲ್ಲಿರುವ ಮನೆಯ ಬಚ್ಚಲಿನಿಂದ ಮೇಲೆ ಬರುತ್ತದೆ. ಆ ಮನೆಯವರ ದೂರಿನ ಮುಂದೆ ಬರೆಯುವುದು: ಓವರ್‌ಫ್ಲೋ. ಪೈಪು ಸಿಕ್ಕಿಸಿದ ಐವತ್ತು ಮನೆಯವರೂ ಪಾಪ, ಅದನ್ನೇ ಹೇಳುತ್ತಾರೆ.

ಕೆರೆಯ ಕಥೆ ಇನ್ನೂ ಮಜವಾಗಿದೆ. ಕೋಡಿ ಅಂದರೆ ನೀರು ಹೊರಗೆ ಹೋಗಲೆಂದೇ ಏರಿಗಿಂತ ತಗ್ಗಾಗಿ ಕಟ್ಟಿದ ಜಾಗ. ಏರಿ ಒಡೆಯುವ ಮೊದಲು ನೀರು ಅಲ್ಲಿಂದ ಇಳಿದು, ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರಬೇಕು. ಕೋಡಿ ಬಿದ್ದರೆ ಊರಿಗೆ ಊರೇ ಹೋಗಿ ಗಂಗಮ್ಮನ ಪೂಜೆ ಮಾಡಿ ಬಾಗಿನ ಬಿಡುತ್ತಿತ್ತು. ಕೃಷ್ಣರಾಜಸಾಗರ 124.80 ಅಡಿ ಮುಟ್ಟಿದರೆ ಮುಖ್ಯಮಂತ್ರಿಗಳೇ ಬಾಗಿನ ಹಿಡಿದು ಹೋಗುತ್ತಾರೆ. ಅದೇ ಕೋಡಿ ಬೆಂಗಳೂರಿನಲ್ಲಿ ಬಿದ್ದರೆ ಅದು 'ಲೇಕ್ ಓವರ್‌ಫ್ಲೋ', ಹೋಗುವವರು ಅಗ್ನಿಶಾಮಕ ದಳದವರು. ಕೆರೆ ಏನೂ ತಪ್ಪು ಮಾಡಿಲ್ಲ, ಸಾವಿರ ವರ್ಷದ ಅಭ್ಯಾಸದಂತೆ ಕೋಡಿಯಿಂದ ಇಳಿದಿದೆ. ಇಳಿದು ನೋಡಿದರೆ ರಾಜಕಾಲುವೆ ಇದ್ದ ಜಾಗದಲ್ಲಿ ವಿಲ್ಲಾ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಈ ಭೇಟಿಯ ಫಲ. ವರ್ತೂರಿನಲ್ಲಂತೂ ಬಸ್ ಸ್ಟಾಪಿನ ಹೆಸರೇ 'ವರ್ತೂರು ಕೋಡಿ'. ಅಲ್ಲಿ ನೀರು ಹೊರಗೆ ಬಂದರೆ ನಮಗೆ ಆಶ್ಚರ್ಯ! ಸೋಪಿನ ಪುಡಿ ಬೆರೆತ ಕೊಳಚೆ ಕೋಡಿಯ ಎತ್ತರದಿಂದ ಬಿದ್ದು ಗಾಳಿ ಹಿಡಿದು ನೊರೆಯಾಗಿ ರಸ್ತೆಗೆ ಹಾರಿದಾಗ, ಕೊಳಚೆ ನಿಲ್ಲಿಸುವುದಕ್ಕಿಂತ ಮುಂಚೆ ಮಾಡಿದ ಕೆಲಸ ರಸ್ತೆ ಬದಿಗೆ ಬಲೆ ಕಟ್ಟಿದ್ದು. ನೊರೆ ಹಿಡಿಯಲು ಬಲೆ. ಮೀನಿಗಂತೂ ಅಲ್ಲಿ ಬಲೆ ಬೇಕಾಗಿಲ್ಲ.

'ಎಕ್ಸೆಸ್' ಎಂಬುದಕ್ಕೆ ಹವಾಮಾನ ಇಲಾಖೆಯಲ್ಲಾದರೂ ಅಳತೆ ಇದೆ. ಮಳೆ ವಾಡಿಕೆಗಿಂತ ಶೇ 20ರಿಂದ 59ರಷ್ಟು ಜಾಸ್ತಿಯಾದರೆ ಎಕ್ಸೆಸ್, 60 ದಾಟಿದರೆ ಲಾರ್ಜ್ ಎಕ್ಸೆಸ್. ಒಂದು ದಿನದ ಮಳೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ, 115.6ಕ್ಕೆ ಅತಿ ಭಾರಿ, 204.5ಕ್ಕೆ ಅತ್ಯಂತ ಭಾರಿ. ನಗರಾಡಳಿತದ ಪ್ರಕಟಣೆಯಲ್ಲಿ ಇಷ್ಟೆಲ್ಲ ರಗಳೆ ಇಲ್ಲ. ಅಲ್ಲಿ ಇರುವುದು ಒಂದೇ ದರ್ಜೆ, 'ಅನ್‌ಪ್ರಿಸಿಡೆಂಟೆಡ್'. ಅದಕ್ಕೆ ಮಿಲಿಮೀಟರ್ ಬೇಡ. ಪ್ರತಿ ವರ್ಷ ಬಂದರೂ ಹಿಂದೆಂದೂ ಬಂದಿರುವುದಿಲ್ಲ.

ಓವರ್‌ಲೋಡ್ ಕೂಡ ಹೀಗೇ ಸಾಧು ಪ್ರಾಣಿ. ಕಾನೂನಿನಲ್ಲಿ ಲಾರಿಗೆ 20,000 ರೂಪಾಯಿ ದಂಡ, ಮೇಲಿನ ಒಂದೊಂದು ಟನ್ನಿಗೆ 2,000, ಹೆಚ್ಚುವರಿ ಸರಕು ಇಳಿಸುವ ಖರ್ಚು ಬೇರೆ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನೇ ಏರಿಸಿತು. ನಿನ್ನೆಯ ಓವರ್‌ಲೋಡ್ ಇವತ್ತು ಬರೀ ಲೋಡ್ ಆಯಿತು. ಸೇತುವೆಗಳಿಗೆ ಈ ವಿಷಯ ಯಾರಾದರೂ ತಿಳಿಸಿದ್ದಾರೋ ಇಲ್ಲವೋ.

ಮನೆಯೊಳಗೂ ನಾವು ಕಮ್ಮಿಯಿಲ್ಲ. ಓವರ್‌ಹೆಡ್ ಟ್ಯಾಂಕಿಗೆ ನೀರೇರಿಸುವ ಪೈಪು ಒಂದು ಇಂಚಿನದಾದರೆ ಓವರ್‌ಫ್ಲೋ ಪೈಪು ಒಂದೂವರೆ ಇಂಚಾದರೂ ಇರಬೇಕು. ಒಳಗೆ ಬರುವ ನೀರನ್ನು ಮೋಟಾರ್ ತಳ್ಳುತ್ತದೆ, ಹೊರಗೆ ಹೋಗುವ ನೀರು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಎರಡೂ ಒಂದೇ ಅಳತೆಯಾದರೆ ನೀರು ಮುಚ್ಚಳ ಎತ್ತಿಕೊಂಡು ಗೋಡೆಗೆ ಇಳಿಯುತ್ತದೆ. ಆದರೆ ನಮ್ಮಲ್ಲಿ ಆ ಪೈಪಿಗೆ ಬೇರೆಯೇ ಉದ್ಯೋಗ: ಅದು ಅಲಾರಂ. ಪಕ್ಕದ ಮನೆಯ ಸಜ್ಜಾ ಮೇಲೆ ನೀರು ಬಿದ್ದು, ಆ ಮನೆಯ ಆಂಟಿ "ರೀ, ನಿಮ್ ಟ್ಯಾಂಕ್ ಓವರ್‌ಫ್ಲೋ!" ಎಂದು ಕೂಗಿದ ಮೇಲೆಯೇ ಮೋಟಾರ್ ಆಫ್. ನಿಮಿಷಕ್ಕೆ 50 ಲೀಟರ್ ಎತ್ತುವ ಮೋಟಾರನ್ನು 20 ನಿಮಿಷ ಮರೆತರೆ 1,000 ಲೀಟರ್ ಬೀದಿಪಾಲು. ಬೋರ್‌ವೆಲ್ಲಿನ ಗಡಸು ನೀರಿಗೆ ಬಾಲ್ ವಾಲ್ವಿನ ವಾಷರಿನಲ್ಲಿ ಸುಣ್ಣ ಕಟ್ಟಿ ಅದು ಮುಚ್ಚಿಕೊಳ್ಳದೆ ಎಷ್ಟೋ ತಿಂಗಳಾಗಿರುತ್ತದೆ. ಇದೇ ಮನೆಯವರು ಮಾರ್ಚಿನಲ್ಲಿ ಟ್ಯಾಂಕರಿಗೆ ಫೋನ್ ಮಾಡಿ "ಅಣ್ಣಾ, ಹೇಗಾದ್ರೂ ಒಂದು ಲೋಡ್" ಎನ್ನುತ್ತಾರೆ.

ಇಷ್ಟಾದರೂ ಇಂಗ್ಲಿಷ್ ಕಾಲಿಡದ ಒಂದು ಮೂಲೆ ಉಳಿದಿದೆ. ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲಿಟ್ಟು, ಕೆನೆ ಕಟ್ಟಿ, ಒಳಗಿನ ಆವಿ ಅದನ್ನೆತ್ತಿ ಹಾಲು ಸುರಿಯುವವರೆಗೆ ಎಲ್ಲರೂ ಕಾದು ನಿಲ್ಲುತ್ತಾರೆ. ಲಗ್ನಪತ್ರಿಕೆಗಿಂತ ದಪ್ಪ ಕಾರ್ಡ್ ಅಚ್ಚು ಹಾಕಿಸುವವರೂ ಅದರಲ್ಲಿ 'ಮಿಲ್ಕ್ ಓವರ್‌ಫ್ಲೋ ಸಮಾರಂಭ' ಎಂದು ಹಾಕಿಸಿದ್ದಿಲ್ಲ. ಉಕ್ಕಿಸಿದವರು ನಾವೇ ಎಂದು ಹೇಳಿಕೊಳ್ಳಲು ಇಷ್ಟವಿದ್ದಾಗ ಕನ್ನಡ ತಾನಾಗಿ ಬರುತ್ತದೆ.

ಅತ್ತ ಬೀದಿಯ ಮ್ಯಾನ್‌ಹೋಲಿಗೆ ಜೆಟ್ಟಿಂಗ್ ಲಾರಿ ಬಂದು ಹೋಯಿತು. 'ಓವರ್‌ಫ್ಲೋ ಅಟೆಂಡ್ ಮಾಡಲಾಗಿದೆ, ನಿಮ್ಮ ದೂರು ಕ್ಲೋಸ್ ಆಗಿದೆ' ಎಂದು ಮೊಬೈಲಿಗೆ ಮೆಸೇಜು. ಕ್ಲೋಸ್ ಆದದ್ದು ದೂರು. ಮುಚ್ಚಳ ರಸ್ತೆಯಾಚೆ ಬಿದ್ದಿದೆ, ಗುಂಡಿಯೊಳಗೆ ಯಾರೋ ಪುಣ್ಯಾತ್ಮರು ಹೊಂಗೆ ಕೊಂಬೆ ಸಿಕ್ಕಿಸಿದ್ದಾರೆ.